ಮನೆಯ ನಾಯಿಯ ಹೊಲಸು ಚಟ: ತಪ್ಪು ಯಾರದು?



ಲಿಂಗಪೂಜೆ, ದಾಸೋಹ, ಮಕ್ಕಳ ಸಂಸ್ಕಾರ ಮೊದಲಾದ ವಿಷಯಗಳಿಗೆ ಮೀಸಲಾದ ಈ ಅಂಕಣದಲ್ಲಿ ನಾಯಿಯ ಪ್ರಸ್ತಾಪವೇಕೆಂದು ತಾವು ಹುಬ್ಬೇರಿಸಬಹುದು. ಅದರಲ್ಲಿಯೂ ನಾಯಿಯ ಅತ್ಯಂತ ಹೇಸಿಗೆಯ ಅಭ್ಯಾಸವೊಂದನ್ನು ಕುರಿತು ಬರೆಯಹೊರಟಿದ್ದೇವೆ. ಊಟದ ಹೊತ್ತಿಗೆ ಪತ್ರಿಕೆ ಹಿಡಿದು ಕೂರುವ ರೂಢಿಯುಳ್ಳವರು ಈ ಪುಟವನ್ನು ಆಮೇಲೆ ಓದುವುದು ಲೇಸು. ಆದರೆ ಬರೆಯದೆ ವಿಧಿಯಿಲ್ಲ. ಈ ವಿಷಯದಲ್ಲಿ ಒಂದು ಭಕ್ತ ಕುಟುಂಬಕ್ಕೆ ನಾವೇ ತಪ್ಪು ಸಲಹೆ ಕೊಟ್ಟೆವು. ಅದರ ಫಲವನ್ನು ಒಂದು ಮೂಕಪ್ರಾಣಿ ಅನುಭವಿಸಿತು.

ಬನಶಂಕರಿ ಎರಡನೆಯ ಹಂತದಲ್ಲಿರುವ ಆ ಮನೆಗೆ ಕಾರ್ತಿಕ ಮಾಸದಲ್ಲಿ ಪೂಜೆಯ ನಿಮಿತ್ತ ಹೋಗಿದ್ದೆವು. ತುಮಕೂರು ಕಡೆಯಿಂದ ಬಂದು ನೆಲೆಸಿದ, ಮೂರು ತಲೆಮಾರು ಒಟ್ಟಿಗಿರುವ ಸಂಸಾರ. ಎಂಬತ್ತರ ಅಂಚಿನಲ್ಲಿರುವ ಅಜ್ಜಿಯವರು ಇಂದಿಗೂ ಬೆಳಗಿನ ಇಷ್ಟಲಿಂಗ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮೊಮ್ಮಗಳ ಹಟಕ್ಕೆ ಮಣಿದು ಮಗ ಒಂದು ಲ್ಯಾಬ್ರಡಾರ್ ಮರಿಯನ್ನು ತಂದಿದ್ದರು. ರೂಬಿ ಎಂದು ಹೆಸರು. ಆಗ ಅದಕ್ಕೆ ಎಂಟು ತಿಂಗಳು. ಪ್ರಸಾದವಾದ ಮೇಲೆ ಅಜ್ಜಿಯವರು ನಮ್ಮನ್ನು ಹಜಾರದ ಮೂಲೆಗೆ ಕರೆದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು: "ಶಾಸ್ತ್ರಿಗಳೇ, ಹೇಳೋಕೂ ನಾಚಿಕೆ ಆಗುತ್ತೆ. ಈ ನಾಯಿ ತನ್ನ ಹೇಲನ್ನ ತಾನೇ ತಿನ್ನುತ್ತೆ. ಅದೇ ಬಾಯಲ್ಲಿ ಬಂದು ಮಗೂನ ಮುಖ ನೆಕ್ಕುತ್ತೆ. ಲಿಂಗಪೂಜೆ ನಡೆಯೋ ಮನೇಲಿ ಇದನ್ನ ಇಟ್ಕೋಬಹುದಾ?"

ನಾವು ಹಿಂದುಮುಂದು ವಿಚಾರಿಸಲಿಲ್ಲ. ನಾಯಿಯನ್ನು ಒಳಗೆ ಸೇರಿಸಬೇಡಿ, ಹೊರಗೆ ಕಟ್ಟಿಹಾಕಿ, ಚಟ ಬಿಡುವವರೆಗೆ ಒಂದು ಹೊತ್ತಿನ ಅನ್ನ ಕಡಿಮೆ ಮಾಡಿ, ಹೊಟ್ಟೆ ಕಾದರೆ ತಾನಾಗಿಯೇ ಬುದ್ಧಿ ಬರುತ್ತದೆ ಎಂದು ಹೇಳಿದೆವು. ಶೌಚದ ಬಗ್ಗೆ ಎರಡು ಸಂಸ್ಕೃತ ಮಾತುಗಳನ್ನೂ ಸೇರಿಸಿದ್ದೆವೆಂದು ನೆನಪು. ಮಠದಲ್ಲಿ ಓದಿದವರ ಬಾಯಿಂದ ಬಂದ ಮಾತೆಂದರೆ ಭಕ್ತರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಅದು ನಮ್ಮ ಭಾಗ್ಯವೂ ಹೌದು, ನಮಗಿರುವ ಅಪಾಯವೂ ಹೌದು.

ಎರಡು ತಿಂಗಳು ಕಳೆದು ಮತ್ತೆ ಆ ಮನೆಗೆ ಹೋದಾಗ ರೂಬಿ ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ಮೂರಡಿಯ ಸರಪಳಿಯಲ್ಲಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ಕೊರಳಲ್ಲಿ ಸರಪಳಿ ಉಜ್ಜಿ ಹುಣ್ಣಾಗಿತ್ತು. ಮಲ ತಿನ್ನುವುದು ನಿಂತಿರಲಿಲ್ಲ. ಈಗ ಅದರ ಜೊತೆಗೆ ಮಣ್ಣನ್ನೂ ಗೋಡೆಯ ಗಾರೆಯನ್ನೂ ತಿನ್ನತೊಡಗಿತ್ತು. ಬರುವ ಭಾನುವಾರ ಕನಕಪುರ ರಸ್ತೆಯಲ್ಲಿ ದೂರ ಎಲ್ಲಿಯಾದರೂ ಬಿಟ್ಟು ಬರುವುದೆಂದು ಮಗ ನಿಶ್ಚಯಿಸಿದ್ದರು. ಮೊಮ್ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅವಳು ನಮ್ಮ ಮುಂದೆ ನಿಂತು, "ತಾತ, ಎಂಜಲು ಸೂತಕ ನಮಗಿಲ್ಲ ಅಂತ ನೀವೇ ಪ್ರವಚನದಲ್ಲಿ ಹೇಳಿದ್ರಿ. ಹಾಗಾದ್ರೆ ರೂಬಿಗೆ ಮಾತ್ರ ಯಾಕೆ?" ಎಂದು ಕೇಳಿದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಆ ಮಗುವಿನ ಮಾತು ಸರಿಯಾಗಿಯೇ ಇತ್ತು. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ಲಿಂಗಧಾರಿಗೆ ಶರಣರು ಅಲ್ಲಗಳೆದರು. ನಾವು ಕಟ್ಟಿಹಾಕಿಸಿದ್ದು ಯಾವ ಸೂತಕಕ್ಕೆ ಹೆದರಿ? ಬಸವಪುರಾಣದಲ್ಲಿ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಹೇಳಿಸಿದ ಕಥೆಯನ್ನು ನಾವೇ ಎಷ್ಟು ಊರುಗಳಲ್ಲಿ ಹೇಳಿ ಚಪ್ಪಾಳೆ ಪಡೆದಿದ್ದೇವೆ! ಮೆಟ್ಟಿಲ ಕೆಳಗಿನ ನಾಯಿಯನ್ನು ಕಂಡಾಗ ಆ ಕಥೆ ನೆನಪಿಗೆ ಬಾರದೆ ಹೋಯಿತು.

ಅಂದೇ ಸಂಜೆ ಅವರೊಡನೆ ನಾವೂ ಜಯನಗರದ ಪಶುವೈದ್ಯರೊಬ್ಬರ ಬಳಿ ಹೋದೆವು. ಅಲ್ಲಿ ಕೇಳಿದ್ದನ್ನೂ, ಅನಂತರ ನಾವಾಗಿ ಓದಿ ವಿಚಾರಿಸಿ ತಿಳಿದುಕೊಂಡಿದ್ದನ್ನೂ ಇಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಮೊದಲ ಮಾತು, ಇದು ಅಪರೂಪದ ಚಟವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದ ಪಶುವೈದ್ಯರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆಗಳಲ್ಲಿ ಸಾಕಿದ ನಾಯಿಗಳ ಪೈಕಿ ಶೇಕಡಾ 16ರಷ್ಟು ಮೇಲಿಂದ ಮೇಲೆ ಮಲ ತಿನ್ನುತ್ತಿದ್ದುದು ಕಂಡುಬಂದಿತು. ಹೆಚ್ಚಿನವು ಎರಡು ದಿನದೊಳಗಿನ ಹೊಸ ಮಲವನ್ನೇ ತಿನ್ನುತ್ತಿದ್ದವು. ಇದಕ್ಕೆ ಅವರು ಊಹಿಸಿದ ಕಾರಣ ನಮಗೆ ಬಹಳ ಕುತೂಹಲಕರವೆನಿಸಿತು. ಮಲದಲ್ಲಿರುವ ಜಂತುವಿನ ಮೊಟ್ಟೆಗಳು ರೋಗ ತರುವಷ್ಟು ಬಲಿಯಲು ಕೆಲವು ದಿನಗಳು ಬೇಕು. ನಾಯಿಯ ಪೂರ್ವಜವಾದ ತೋಳ, ಗುಹೆಯ ಬಳಿ ಬಿದ್ದ ಮಲವನ್ನು ಅಷ್ಟರೊಳಗೆ ತಿಂದುಬಿಟ್ಟರೆ ಮರಿಗಳಿರುವ ಜಾಗ ಶುದ್ಧವಾಗಿ ಉಳಿಯುತ್ತದೆ. ಎಂದರೆ ನಮಗೆ ಹೊಲಸಾಗಿ ಕಾಣುವುದು ಅದರ ವಂಶದಲ್ಲಿ ಬಂದ ಒಂದು ಬಗೆಯ ಮನೆ ಗುಡಿಸುವ ಕೆಲಸವೇ ಇರಬಹುದು. ತಾಯಿನಾಯಿ ಹಸುಮರಿಗಳನ್ನು ನೆಕ್ಕಿ, ಅವುಗಳ ಮಲವನ್ನು ತಾನೇ ತಿಂದು ಗೂಡನ್ನು ಚೊಕ್ಕಟವಾಗಿಡುವುದನ್ನು ಹಳ್ಳಿಯಲ್ಲಿ ಬೆಳೆದ ನಾವೆಲ್ಲರೂ ಕಂಡಿದ್ದೇವೆ. ಅದನ್ನು ವಾತ್ಸಲ್ಯವೆಂದು ಹೊಗಳಿ, ಇದನ್ನು ಪಾಪವೆಂದು ಜರೆಯುವುದು ಹೇಗೆ?

ಎರಡನೆಯದು ರೋಗದ ಮಾತು. ಚಟವೆಂದು ನಿರ್ಧರಿಸುವುದಕ್ಕೆ ಮೊದಲು ಮಲ ಪರೀಕ್ಷೆ ಮಾಡಿಸಬೇಕು. ರೂಬಿಯ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳಿದ್ದವು. ಈ ಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ; ರಕ್ತಹೀನತೆಯಿಂದ ಬಳಲುವ ನಾಯಿ ಮಣ್ಣು, ಗಾರೆ, ಇದ್ದಿಲುಗಳಿಗೆ ಬಾಯಿ ಹಾಕುವುದುಂಟು. ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯ ರಸ ಸಾಲದೆ ತಿಂದದ್ದು ಅರಗದೆ ಹೊರಬರುತ್ತದೆ. ಅಂಥ ಮಲದಲ್ಲಿ ಇನ್ನೂ ಆಹಾರದ ವಾಸನೆಯೇ ಇರುವುದರಿಂದ ನಾಯಿಗೆ ಅದು ಆಹಾರವಾಗಿಯೇ ತೋರುತ್ತದೆ. ಸಕ್ಕರೆ ಕಾಯಿಲೆಯಲ್ಲಿಯೂ ಸ್ಟೀರಾಯ್ಡ್ ಔಷಧ ಕೊಡುವಾಗಲೂ ಹಸಿವು ಮಿತಿಮೀರುತ್ತದೆ. ಇಂಥ ಪ್ರಾಣಿಗೆ ಅನ್ನ ಕಡಿಮೆ ಮಾಡಿ ಎಂದು ಹೇಳಿದ ನಮ್ಮ ಪಾಂಡಿತ್ಯವನ್ನು ಏನೆನ್ನೋಣ!

ಹಸಿವಿನ ವಿಷಯದಲ್ಲಿ ಇನ್ನೊಂದು ಸಂಗತಿ. ಲ್ಯಾಬ್ರಡಾರ್ ತಳಿಯನ್ನು ಹೊಟ್ಟೆಬಾಕನೆಂದು ಎಲ್ಲರೂ ಹಾಸ್ಯ ಮಾಡುತ್ತಾರೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನ ವಂಶವಾಹಿಯಲ್ಲಿ, ಹಸಿವನ್ನು ಹತೋಟಿಯಲ್ಲಿಡುವ ಒಂದು ಅಂಶ ತುಂಡಾಗಿ ಹೋಗಿದೆಯೆಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಹೊಟ್ಟೆ ತುಂಬಿತೆಂಬ ತೃಪ್ತಿ ಅಂಥ ನಾಯಿಗೆ ಬೇಗ ಬರುವುದೇ ಇಲ್ಲ. ಡೇವಿಸ್ ಸಮೀಕ್ಷೆಯಲ್ಲಿಯೂ ಮಲ ತಿನ್ನುವವುಗಳಲ್ಲಿ ಆತುರದಿಂದ ಗಬಗಬನೆ ತಿನ್ನುವ ನಾಯಿಗಳೇ ಹೆಚ್ಚಾಗಿದ್ದವು.

ನಮ್ಮ ಸಮಾಜದ ಮನೆಗಳಲ್ಲಿ ನಾಯಿಗೆ ಹಾಕುವುದೇನು? ಮಿಕ್ಕ ಅನ್ನ, ತಿಳಿಸಾರು, ಮಜ್ಜಿಗೆ, ಹಾಲು. ನಾಯಿ ಅನ್ನವನ್ನು ಅರಗಿಸಿಕೊಳ್ಳಬಲ್ಲದು, ಸಂದೇಹವಿಲ್ಲ. ಪಿಷ್ಟವನ್ನು ಅರಗಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಸಾಮಾನ್ಯವಾಗಿ 2 ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಕಂಡುಕೊಂಡರು. ಸಾವಿರಾರು ವರ್ಷ ಮನುಷ್ಯನ ಮನೆಯ ಅನ್ನ ತಿಂದ ಋಣ ಅದರ ಮೈಯಲ್ಲಿಯೇ ಬರೆದುಕೊಂಡಿದೆ. ಆದರೆ ಬರಿಯ ಅನ್ನ-ಮಜ್ಜಿಗೆಯಿಂದ ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನು, ಸುಣ್ಣದ ಅಂಶ, ಖನಿಜಗಳು ದೊರೆಯುವುದಿಲ್ಲ. ಹಾಲು ಬಹಳಷ್ಟು ದೊಡ್ಡ ನಾಯಿಗಳಿಗೆ ಅರಗದೆ ಬೇಧಿಯಾಗುತ್ತದೆ. ಮಾಂಸವಿಲ್ಲದೆ ನಾಯಿಯನ್ನು ಸಾಕಲು ಸಾಧ್ಯವೇ ಎಂದು ಅಜ್ಜಿಯವರು ವೈದ್ಯರನ್ನು ನೇರವಾಗಿ ಕೇಳಿದರು. ಸಾಧ್ಯ, ಆದರೆ ಅಂದಾಜಿನ ಮೇಲೆ ಅಲ್ಲ, ಲೆಕ್ಕ ಹಾಕಿ ಕೊಡಬೇಕು ಎಂಬ ಉತ್ತರ ಬಂದಿತು. ಬೇಯಿಸಿದ ಬೇಳೆ, ಪನೀರು, ತರಕಾರಿ, ಮೇಲೆ ವೈದ್ಯರು ಬರೆದುಕೊಟ್ಟ ಖನಿಜದ ಪುಡಿ ಎಂದು ತೀರ್ಮಾನವಾಯಿತು. (ಬೆಕ್ಕಿಗೆ ಈ ಮಾತು ಹೊಂದುವುದಿಲ್ಲ. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದಕ್ಕೆ ಶಿವದೀಕ್ಷೆ ಕೊಡಲು ಹೋಗಬಾರದು.)

ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ನಮ್ಮ ಅಡಿಗೆಯದು. ಈರುಳ್ಳಿ ಬೆಳ್ಳುಳ್ಳಿಗಳು, ಬೆಂದಿರಲಿ ಹಸಿಯಿರಲಿ, ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡವೇ ಕೆಡಬಹುದು. ಹಬ್ಬದ ದಿನ ಪ್ರೀತಿಯಿಂದ ಹಾಕುವ ದ್ರಾಕ್ಷಿಯ ಪಾಯಸ, ಮಕ್ಕಳು ಕೊಡುವ ಚಾಕೊಲೇಟು, ಇವು ಅಮೇಧ್ಯಕ್ಕಿಂತ ಹೆಚ್ಚು ಅಪಾಯಕರ. ಹೇಸಿಗೆಯ ವಸ್ತುವನ್ನು ಕಂಡು ಕೂಗಾಡುವ ನಾವು, ವಿಷವನ್ನು ಬಟ್ಟಲಲ್ಲಿ ಹಾಕಿ ಮುದ್ದಾಡುತ್ತೇವೆ.

ಈ ಸಂದರ್ಭದಲ್ಲಿ ನಾವು ಓದಿದ ಮಠದ ನೆನಪಾಗುತ್ತದೆ. ಅಲ್ಲಿ ಪ್ರಸಾದದ ತಟ್ಟೆಯನ್ನು ಒರೆಸಿ ಉಂಡು, ತೊಳೆದ ನೀರನ್ನೂ ಕುಡಿಯುವುದು ಕಡ್ಡಾಯವಾಗಿತ್ತು. ಆದ್ದರಿಂದ ಹಿತ್ತಲಿನ ನಾಯಿಗೆ ನಮ್ಮ ಎಂಜಲು ಸಿಗುವ ಪ್ರಶ್ನೆಯೇ ಇರಲಿಲ್ಲ. ಅಡಿಗೆಯವರು ಅದಕ್ಕೆಂದೇ ಬೇರೆ ಎರಡು ಮುದ್ದೆ ತೆಗೆದಿಡುತ್ತಿದ್ದರು. ಹುಡುಗರಾದ ನಮಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ, ಕ್ರಿ.ಶ. 950ರ ಸುಮಾರಿನ ಶಾಸನವನ್ನು ತಮ್ಮಲ್ಲಿ ಕೆಲವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಗಂಗರ ಬೂತುಗನಿಂದ ಮಣಲೆರನು ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಶಾಸನ ವಿಧಿಸುತ್ತದೆ. ನಾಯಿಯನ್ನು ನೆನೆಯದೆ ಊಟವಿಲ್ಲ ಎಂಬುದು ಈ ನಾಡಿನ ಹಳೆಯ ಮಾತು, ಹೊಸ ಫ್ಯಾಷನ್ನಲ್ಲ.

ಇನ್ನು ತಿದ್ದುವ ಕ್ರಮ. ಮಾರುಕಟ್ಟೆಯಲ್ಲಿ ಇದಕ್ಕೆ ಪುಡಿ, ಮಾತ್ರೆಗಳು ಸಿಗುತ್ತವೆ. ಅವುಗಳನ್ನು ಬಳಸಿದವರಲ್ಲಿ ಶೇಕಡಾ ಎರಡಕ್ಕಿಂತ ಹೆಚ್ಚು ಮಂದಿಗೆ ಗುಣ ಕಾಣಲಿಲ್ಲವೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಮಲದ ಮೇಲೆ ಖಾರದಪುಡಿ ಎರಚುವುದು, ನಾಯಿಯ ಮೂತಿಯನ್ನು ಅದರಲ್ಲಿ ಉಜ್ಜುವುದು, ಬೆತ್ತ ಹಿಡಿಯುವುದು ಇವೆಲ್ಲ ಕ್ರೌರ್ಯ ಮಾತ್ರವಲ್ಲ, ನಿಷ್ಪ್ರಯೋಜಕ. ಏಟು ತಿಂದ ನಾಯಿ ಮಲ ತಿನ್ನಬಾರದೆಂದು ಕಲಿಯುವುದಿಲ್ಲ. ನಿಮ್ಮ ಕಣ್ಣಿಗೆ ಬೀಳದಂತೆ ಬೇಗ ತಿನ್ನಬೇಕೆಂದು ಕಲಿಯುತ್ತದೆ. ಅಟ್ಟಿಸಿಕೊಂಡು ಹೋದರೆ ಕೆಲವಕ್ಕೆ ಅದೊಂದು ಆಟವಾಗುತ್ತದೆ, ಕೆಲವು ಗಾಬರಿಯಿಂದ ನುಂಗಿಬಿಡುತ್ತವೆ. ಕಾಲುಚೀಲ, ಕಲ್ಲು ನುಂಗಿ ಶಸ್ತ್ರಚಿಕಿತ್ಸೆಗೆ ಬರುವ ನಾಯಿಗಳಲ್ಲಿ ಹೀಗೆ ಗಾಬರಿಯಲ್ಲಿ ನುಂಗಿದವೂ ಇರುತ್ತವೆ.

ಕೆಲಸ ಮಾಡುವ ಉಪಾಯ ಒಂದೇ, ಅದು ಮನುಷ್ಯನ ಮೈ ಬಗ್ಗಿಸುವಂಥದು: ಮಲ ಬಿದ್ದ ಕೂಡಲೇ ಎತ್ತಬೇಕು. ಊಟವಾದ ಅರ್ಧ ಗಂಟೆಯೊಳಗೆ ಮರಿಗೆ ಸಾಮಾನ್ಯವಾಗಿ ಹೊರಗೆ ಹೋಗಬೇಕಾಗುತ್ತದೆ. ಆ ಹೊತ್ತಿಗೆ ಬೆಲ್ಟು ಹಾಕಿ ಕರೆದೊಯ್ದು, ಮುಗಿದೊಡನೆ ಹೆಸರು ಹಿಡಿದು ಕರೆದು, ತಿರುಗಿ ಬಂದರೆ ಒಂದು ಚೂರು ಪನೀರನ್ನೋ ಕ್ಯಾರೆಟ್ಟನ್ನೋ ಕೊಟ್ಟು, ಅದು ತಿನ್ನುತ್ತಿರುವಾಗಲೇ ಕಾಗದದಲ್ಲಿ ಎತ್ತಿಬಿಡಬೇಕು. "ಬಿಡು" ಎಂಬ ಒಂದು ಮಾತನ್ನು ಮನೆಯಲ್ಲಿ ಬೇರೆ ವಸ್ತುಗಳೊಡನೆ ಮೊದಲೇ ಕಲಿಸಿರಬೇಕು. ಬೀದಿಯಲ್ಲಿ ತಡೆಯಲಾಗದಿದ್ದರೆ, ಕೆಲವು ದಿನ, ಉಸಿರಾಡಲು ನೀರು ಕುಡಿಯಲು ಅಡ್ಡಿಯಾಗದ ಬುಟ್ಟಿಯಂಥ ಬಾಯಿಕುಕ್ಕೆ ಹಾಕಬಹುದು. ಒಕ್ಕಣೆಯಲ್ಲಿ ಎತ್ತಿಗೆ ಹಾಕುತ್ತಿದ್ದಂತೆ. ಆದರೆ ಕಾವಲಿದ್ದಾಗ ಮಾತ್ರ. ಗಬಗಬನೆ ತಿನ್ನುವ ನಾಯಿಗೆ ಬಟ್ಟಲ ಬದಲು ಅಗಲವಾದ ತಟ್ಟೆಯಲ್ಲಿ ಹರಡಿ ಹಾಕಿದರೆ ನಿಧಾನವಾಗಿ ತಿನ್ನುತ್ತದೆ. ದಿನದ ಆಹಾರವನ್ನು ಎರಡು ಮೂರು ಭಾಗ ಮಾಡಿ ಹೊತ್ತಿಗೆ ಸರಿಯಾಗಿ ಹಾಕಬೇಕು.

ಅದಲ್ಲದೆ ಕಟ್ಟಿಹಾಕಿದ ನಾಯಿಗೆ ಬೇಸರವೇ ಒಂದು ರೋಗ. ಜೆ.ಪಿ. ನಗರದ, ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ, ನಾಯಿ ಬೆಳಗಿನಿಂದ ಸಂಜೆಯವರೆಗೆ ಬಾಲ್ಕನಿಯಲ್ಲಿ ತನ್ನ ಮಲದ ಜೊತೆಗೇ ಬಂದಿಯಾಗಿರುತ್ತದೆ. ಅದು ಇನ್ನೇನು ಮಾಡೀತು? ನಾಯಿಯನ್ನು ಅತಿ ಚಿಕ್ಕ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡುವುದೂ, ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಒಡ್ಡಿ ಎಲ್ಲಿಯೋ ಬಿಟ್ಟುಬರುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಇದು ಮಗನಿಗೂ ತಿಳಿದಿರಲಿಲ್ಲ, ಸಲಹೆ ಕೊಟ್ಟ ನಮಗೂ ತಿಳಿದಿರಲಿಲ್ಲ.

ಗರಿಕೆ ಹುಲ್ಲು ತಿನ್ನುವ ನಾಯಿಯ ಬಗ್ಗೆ ಹಲವರು ಕೇಳುತ್ತಾರೆ. ಔಷಧ ಹೊಡೆಯದ ಹುಲ್ಲಾದರೆ ಗಾಬರಿ ಬೇಡ, ಆರೋಗ್ಯವಂತ ನಾಯಿಗಳೂ ತಿನ್ನುತ್ತವೆ. ಪದೇ ಪದೇ ವಾಂತಿಯಾದರೆ ಮಾತ್ರ ವೈದ್ಯರಿಗೆ ತೋರಿಸಿ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಸೂತಕ ಬೇರೆ, ಜಂತು ಬೇರೆ. ಸೂತಕವೆಂಬುದು ಮನಸ್ಸಿನ ಅಂಜಿಕೆ. ಅದನ್ನು ಶರಣರು ಕಿತ್ತೆಸೆದರು. ಜಂತುವೆಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುವ ವಸ್ತು. ಅದು ಲಿಂಗಧಾರಿಗೂ ಅಂಟುತ್ತದೆ, ಭವಿಗೂ ಅಂಟುತ್ತದೆ. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರಗಳಲ್ಲಿ ಬಲಿತು, ಆ ಮಣ್ಣಿನಲ್ಲಿ ಆಡಿದ ಮಕ್ಕಳ ಹೊಟ್ಟೆ ಸೇರಿದರೆ ಕಣ್ಣಿಗೂ ಯಕೃತ್ತಿಗೂ ತೊಂದರೆಯಾಗಬಹುದು. ಆದ್ದರಿಂದ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಜಂತುಹುಳುವಿನ ಔಷಧ ಹಾಕಿಸಬೇಕು, ನಾಯಿಯನ್ನು ಮುಟ್ಟಿದ ಮಕ್ಕಳು ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು, ಮುಖ ನೆಕ್ಕಲು ಬಿಡಬಾರದು. ಇಷ್ಟನ್ನು ಮಾಡಿದ ಮನೆಯಲ್ಲಿ ನಾಯಿಯಿದ್ದರೆ ಲಿಂಗಪೂಜೆಗೆ ಯಾವ ಚ್ಯುತಿಯೂ ಇಲ್ಲ. ಇಷ್ಟನ್ನು ನಾವು ಕಾರ್ತಿಕದಲ್ಲಿಯೇ ಹೇಳಬೇಕಾಗಿತ್ತು.

ಬೀದಿಯ ನಾಯಿಗಳನ್ನೂ ಮರೆಯುವಂತಿಲ್ಲ. 2023ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಎಣಿಕೆಯಲ್ಲಿ ನಗರದ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ರಲ್ಲಿ ಸುಮಾರು 3.10 ಲಕ್ಷ ಇದ್ದವು. 2025ರ ಜುಲೈನಲ್ಲಿ ಸುಮಾರು 5,000 ನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ಹಾಕುವ ಯೋಜನೆಗೆ ಪಾಲಿಕೆ ಟೆಂಡರು ಕರೆದಾಗ ಊರೆಲ್ಲ ನಕ್ಕಿತು. ನಮಗೂ ಮೊದಲು ನಗು ಬಂದಿತ್ತು. ಆದರೆ ನಾವು ಮಾಡುವ ಅನ್ನದಾನದ ರೀತಿಯಾದರೂ ಎಂಥದು? ಹಳಸಿದ ಅನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಮರದ ಬುಡಕ್ಕೆ ಎಸೆಯುತ್ತೇವೆ. ನಾಯಿಯೂ ಹಸುವೂ ಅದನ್ನು ಕವರಿನ ಸಮೇತ ನುಂಗುತ್ತವೆ. ಕೈಮುಗಿಯುವ ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬುವವರು ನಾವೇ. ಬೀದಿನಾಯಿಗೆ ಆಹಾರ ಹಾಕುವುದಾದರೆ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 22ರಂದು ಹೇಳಿತು. ಹಾಕಿದವರು ತಿಂದಾದ ಮೇಲೆ ಜಾಗವನ್ನು ಗುಡಿಸಿ ಬರಬೇಕೆಂಬುದು ನಮ್ಮ ಮಾತು.

ರೂಬಿಯ ಕೊರಳ ಹುಣ್ಣು ಮಾಯಲು ಮೂರು ವಾರ ಹಿಡಿಯಿತು. ಜಂತುವಿನ ಔಷಧ ಎರಡು ಸಲ ಕೊಟ್ಟ ಮೇಲೆ ಗಾರೆ ತಿನ್ನುವುದು ನಿಂತಿತು. ಮಲಕ್ಕೆ ಬಾಯಿ ಹಾಕುವುದು ಐದಾರು ತಿಂಗಳಲ್ಲಿ ಬಹುಮಟ್ಟಿಗೆ ಕಡಿಮೆಯಾಗಿದೆ. ಪೂರ್ತಿ ಹೋಗಿದೆಯೆಂದು ಹೇಳಲಾರೆವು. ಬೆಳಗಿನ ಹೊತ್ತು ದಾರಿಯಲ್ಲಿ ಸಗಣಿ ಕಂಡರೆ ಈಗಲೂ ಒಮ್ಮೊಮ್ಮೆ ಎಳೆಯುತ್ತದೆ. ಕನಕಪುರ ರಸ್ತೆಗೆ ಬಿಟ್ಟುಬರಲು ಹೊರಟಿದ್ದ ಮಗನೇ ಇಂದು ಹಳೆಯ ಪತ್ರಿಕೆಯ ಹಾಳೆಗಳನ್ನು ಜೇಬಿನಲ್ಲಿಟ್ಟುಕೊಂಡು ಅದರ ಹಿಂದೆ ನಡೆಯುತ್ತಾರೆ. ಆ ಹಾಳೆಗಳಲ್ಲಿ ನಮ್ಮ ಈ ಮಾಸಪತ್ರಿಕೆಯದೂ ಇರಬಹುದೆಂದು ಅವರ ಪತ್ನಿ ನಗುತ್ತ ಹೇಳಿದರು. ಇದ್ದರೆ ನಮಗೆ ಬೇಸರವಿಲ್ಲ.

ಅಜ್ಜಿಯವರು ಸಾರಿಗೆ ಒಗ್ಗರಣೆ ಹಾಕುವ ಮೊದಲು, ಉಪ್ಪು ಈರುಳ್ಳಿ ಬೀಳುವುದಕ್ಕೆ ಮುಂಚೆಯೇ, ಎರಡು ಸೌಟು ಬೆಂದ ಬೇಳೆಯನ್ನು ಬೇರೆ ಪಾತ್ರೆಗೆ ತೆಗೆದಿಡುತ್ತಾರೆ. ಪೂಜೆ ಮುಗಿಸಿ, ವಿಭೂತಿ ಧರಿಸಿದ ಕೈಯಿಂದಲೇ ಅದನ್ನು ಅನ್ನಕ್ಕೆ ಕಲಸಿ, ತಟ್ಟೆಯಲ್ಲಿ ಹರಡಿ, ಮೆಟ್ಟಿಲ ಬಳಿ ಇಡುತ್ತಾರೆ. ರೂಬಿ ತಿಂದು ಮುಗಿಸುವವರೆಗೆ ಅಲ್ಲಿಯೇ ಒಂದು ಮಣೆ ಹಾಕಿಕೊಂಡು ಕೂತಿರುತ್ತಾರೆ.